ಬೇರಿಂಗ್ ಕೂಗುವವರೆಗೆ ಕಾಯಬೇಡಿ: ಟ್ರ್ಯಾಕ್‌ಗೆ ಹೋಗುವ ಕಾರಿನ ಹಬ್ ಬೇರಿಂಗ್ ಆರೈಕೆ

ಕ್ಯಾಲಿಫೋರ್ನಿಯಾದ ಲಗೂನಾ ಸೆಕಾ ಅನ್ನುವ ಕಾರ್ ರೇಸ್ ಟ್ರ್ಯಾಕ್‌ನಲ್ಲಿ ಹತ್ತನೇ ತಿರುವು ಬಲಕ್ಕೆ ತಿರುಗುತ್ತದೆ, ತುಂಬಾ ವೇಗದ್ದು. ಅದು ಮುಗಿಯುತ್ತಿದ್ದ ಹಾಗೆ ಹನ್ನೊಂದನೆಯದು ಬರುತ್ತದೆ. ಅದು ಬಿಗಿಯಾದ ಎಡ ತಿರುವು, ಜೋರಾಗಿ ಬ್ರೇಕ್ ಒತ್ತಲೇಬೇಕು. ಒಂದು ಶನಿವಾರ ಮಧ್ಯಾಹ್ನ ಅಲ್ಲಿ ಬ್ರೇಕ್ ಒತ್ತಿದರೆ ಪೆಡಲ್ ಅರ್ಧದವರೆಗೂ ಸುಮ್ನೆ ಇಳಿದುಹೋಯಿತು. ಇನ್ನೊಮ್ಮೆ ಒತ್ತಿದೆ, ಗಟ್ಟಿಯಾಯಿತು. ಕಾರು ತಿರುವಿನೊಳಗೇ ಉಳಿಯಿತು, ಏನೂ ಅನಾಹುತ ಆಗಲಿಲ್ಲ. ಆದರೆ ಎದೆಬಡಿತ ಇಳಿಯಲು ಇನ್ನೊಂದು ಪೂರ್ತಿ ಲ್ಯಾಪ್ ಬೇಕಾಯಿತು.

ಬ್ರೇಕ್ ಆಯಿಲ್ ಕುದ್ದಿರಬೇಕು ಅಂತ ನಾನು ಅಂದುಕೊಂಡೆ. ಊಟದ ಬಿಡುವಿನಲ್ಲಿ ಹೊಸ ಆಯಿಲ್ ಹಾಕಿ, ಗಾಳಿ ತೆಗೆದು, ಮತ್ತೆ ಹೋದೆ. ಅದೇ ಜಾಗದಲ್ಲಿ ಮತ್ತೆ ಅದೇ ಕಥೆ. ಬೇರೆ ಎಲ್ಲಾ ಕಡೆ ಪೆಡಲ್ ಗಟ್ಟಿಯಾಗಿಯೇ ಇತ್ತು, ವೇಗದ ಬಲ ತಿರುವು ಮುಗಿದ ಮೇಲೆ ಮಾತ್ರ ಮೆತ್ತಗಾಗುತ್ತಿತ್ತು. ಕಾರನ್ನು ಜಾಕ್ ಮೇಲೆ ಎತ್ತಿ, ಎಡಗಡೆ ಮುಂದಿನ ಚಕ್ರವನ್ನು ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿದಾಗ ಕೈಗೆ ಒಂದು ಸಣ್ಣ ಟಕ್ ಸಿಕ್ಕಿತು. ಚಕ್ರ ಸರಾಗವಾಗಿ ತಿರುಗಲು ಅದರ ನಡುವೆ ಇರುವ ಬೇರಿಂಗ್ ಹೋಗಿತ್ತು. ಮನೆಯಿಂದ ಟ್ರ್ಯಾಕ್‌ಗೆ ಬರುವ ದಾರಿಯಲ್ಲಿ ಅದು ಒಂದು ಚೂರೂ ಸದ್ದು ಮಾಡಿರಲಿಲ್ಲ.

ಈ ಲೇಖನ ಬರೆಯಲು ಆ ಕೊನೆಯ ಸಂಗತಿಯೇ ಕಾರಣ. ವೀಲ್ ಬೇರಿಂಗ್ ಹಾಳಾದರೆ ಗುಂಯ್ ಅಂತ ಸದ್ದು ಬರುತ್ತದೆ, ಬಂದಾಗ ಬದಲಾಯಿಸೋಣ ಅಂತ ನಾವೆಲ್ಲ ನಂಬಿರುತ್ತೇವೆ. ರಸ್ತೆಯ ಕಾರಿಗೆ ಆ ಲೆಕ್ಕ ಪರವಾಗಿಲ್ಲ. ಟ್ರ್ಯಾಕ್ ಕಾರಿಗೆ ಅದು ಅಪಾಯ. ಅಲ್ಲಿ ಬೇರಿಂಗನ್ನು ಬ್ರೇಕ್ ಪ್ಯಾಡ್ ಥರ ನೋಡಬೇಕು. ಸವೆಯುತ್ತದೆ, ಅಳೆಯಬಹುದು, ಹಾಳಾಗುವ ಮೊದಲೇ ತೆಗೆಯಬಹುದು.

ನಾನು ಉದಾಹರಣೆಗೆ ತೆಗೆದುಕೊಳ್ಳುವುದು ಮಜ್ದಾ ಮಿಯಾಟಾ, ಅಂದರೆ ಎಂಎಕ್ಸ್-5, ಮೊದಲ ಎರಡು ತಲೆಮಾರಿನವು, 1989ರಿಂದ 2005ರವರೆಗೆ ಬಂದ ಕಾರುಗಳು. ನನ್ನದು 1999ರ ಮಾಡೆಲ್. ಅಮೆರಿಕದಲ್ಲಿ ಟ್ರ್ಯಾಕ್ ಕಲಿಯುವವರ ಕೈಯಲ್ಲಿ ಬಹಳ ಕಾಣುವ ಕಾರು ಇದು, ಮುಂದಿನ ಹಬ್ ಇದರ ಗೊತ್ತಿರುವ ದುರ್ಬಲ ಜಾಗ, ಮತ್ತು ಅದನ್ನು ಮನೆಯಲ್ಲೇ ಬಿಚ್ಚಿ ನೋಡಬಹುದು. ಬೇರೆ ಕಾರಿಗೂ ತತ್ವ ಒಂದೇ, ಅಳತೆ ಮಾತ್ರ ಬೇರೆ.

ಗುಂಬ, ಅಚ್ಚು, ಕಡಾಣಿ, ಕೀಲೆಣ್ಣೆ

ಎತ್ತಿನ ಗಾಡಿ ನೋಡಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಚಕ್ರದ ನಡುವೆ ಗುಂಬ, ಅದರೊಳಗೆ ತೂರುವ ಅಚ್ಚು, ಚಕ್ರ ಕಳಚದ ಹಾಗೆ ತುದಿಗೆ ಕಡಾಣಿ, ಉಜ್ಜಾಟ ಕಡಿಮೆಯಾಗಲು ಕೀಲೆಣ್ಣೆ. ಮಿಯಾಟಾದ ಮುಂದಿನ ಚಕ್ರದಲ್ಲೂ ಈ ನಾಲ್ಕೇ ಇವೆ. ಹಬ್, ಸ್ಪಿಂಡಲ್, ಹಬ್ ನಟ್, ಗ್ರೀಸ್. ಒಂದೇ ವ್ಯತ್ಯಾಸ, ಹಬ್‌ಗೂ ಸ್ಪಿಂಡಲ್‌ಗೂ ಮಧ್ಯೆ ಎರಡು ಸಾಲು ಉಕ್ಕಿನ ಗುಂಡುಗಳು ಉರುಳುತ್ತವೆ. ಗುಂಡುಗಳು ಓಡುವ ನುಣುಪಾದ ಕಾಲುವೆಗೆ ರೇಸ್ ಅನ್ನುತ್ತಾರೆ. ಹೊರಗಿನ ರೇಸ್ ಹಬ್‌ನಲ್ಲೇ ಕೊರೆದಿರುತ್ತದೆ, ಚಕ್ರದ ಜೊತೆ ತಿರುಗುತ್ತದೆ. ಒಳಗಿನ ರೇಸ್ ಎರಡು ತುಂಡು, ಅವು ಅಲುಗಾಡದ ಸ್ಪಿಂಡಲ್ ಮೇಲೆ ಕೂರುತ್ತವೆ. ಗುಂಡುಗಳು ಒಂದಕ್ಕೊಂದು ತಾಗದ ಹಾಗೆ ಕೇಜ್ ಹಿಡಿದಿರುತ್ತದೆ. ಎರಡೂ ಬದಿಗೆ ರಬ್ಬರ್ ಸೀಲ್.

ಹಬ್ ನಟ್ ಚಕ್ರವನ್ನು ಹಿಡಿದಿಡುವುದಷ್ಟೇ ಅಲ್ಲ, ಇನ್ನೊಂದು ದೊಡ್ಡ ಕೆಲಸ ಮಾಡುತ್ತದೆ. ಒಳಗಿನ ರೇಸ್‌ನ ಎರಡು ತುಂಡುಗಳನ್ನು ಒಂದಕ್ಕೊಂದು ಒತ್ತಿ ಕೂರಿಸುತ್ತದೆ. ಆ ಒತ್ತಿನಲ್ಲಿ ಗುಂಡುಗಳು ರೇಸ್‌ಗಳ ಮಧ್ಯೆ ಸ್ವಲ್ಪ ಬಿಗಿಯಾಗುತ್ತವೆ. ಇದಕ್ಕೆ ಪ್ರೀಲೋಡ್ ಅಂತ ಹೆಸರು. ಎಷ್ಟು ಬಿಗಿ ಇರಬೇಕು ಅನ್ನುವುದನ್ನು ಕಾರ್ಖಾನೆಯಲ್ಲೇ ರೇಸ್ ಅರೆಯುವಾಗ ನಿರ್ಧರಿಸಿರುತ್ತಾರೆ. ನಮ್ಮ ಕೆಲಸ ನಟ್ಟನ್ನು ಸರಿಯಾದ ಟಾರ್ಕ್‌ಗೆ, ಅಂದರೆ ಹೇಳಿದಷ್ಟೇ ತಿರುಚುವ ಬಲಕ್ಕೆ, ಬಿಗಿದು ಆ ಎರಡು ತುಂಡು ಗಟ್ಟಿಯಾಗಿ ತಾಗುವಂತೆ ಮಾಡುವುದು, ಅಷ್ಟೇ.

ಊರಿನಲ್ಲಿ ಟ್ರ್ಯಾಕ್ಟರ್ ಮುಂಚಕ್ರ ರಿಪೇರಿ ನೋಡಿದವರು ಇಲ್ಲಿ ಎಡವುತ್ತಾರೆ. ಅದರಲ್ಲಿ ಇರುವುದು ಟೇಪರ್ ರೋಲರ್ ಬೇರಿಂಗ್, ಗುಂಡಿನ ಬದಲು ಒಂದು ತುದಿ ಸಣ್ಣಗಿರುವ ಉರುಳೆಗಳು. ನಟ್ ಬಿಗಿದು, ಚಕ್ರ ತಿರುಗಿಸಿ, ಸ್ವಲ್ಪ ಹಿಂದಕ್ಕೆ ಬಿಟ್ಟು, ಕೈ ಅಂದಾಜಿನಲ್ಲಿ ಬಿಗಿ ಹೊಂದಿಸಿ, ಸ್ಪ್ಲಿಟ್ ಪಿನ್ ಹಾಕುತ್ತಾರೆ. ಪ್ಲೇ, ಅಂದರೆ ಸಡಿಲದ ಅಲುಗಾಟ, ಬಂದರೆ ನಟ್ ಇನ್ನೊಂದು ಚೂರು ತಿರುಗಿಸಿದರೆ ಸರಿಹೋಗುತ್ತದೆ. ಮಿಯಾಟಾ ಹಬ್‌ಗೆ ಇದು ನಡೆಯುವುದಿಲ್ಲ. ಎರಡು ರೇಸ್ ತಾಗಿ ಕೂತ ಮೇಲೆ ಎಷ್ಟು ಬಿಗಿದರೂ ಸವೆದ ಬೇರಿಂಗ್‌ನ ಪ್ಲೇ ಹೋಗುವುದಿಲ್ಲ, ಸ್ಪಿಂಡಲ್‌ನ ಮರೆ (ಥ್ರೆಡ್) ಹಾಳಾಗುತ್ತದೆ.

ತಿರುವಿನಲ್ಲಿ ಬೇರಿಂಗ್ ಮೇಲೆ ಏನು ಬೀಳುತ್ತದೆ

ಒಂದು ಲೆಕ್ಕ ಮಾಡೋಣ. ಕಾರು ಮತ್ತು ಡ್ರೈವರ್ ಸೇರಿ ಸುಮಾರು 1,120 ಕೆಜಿ ಅಂದುಕೊಳ್ಳಿ. ನಿಂತಿರುವಾಗ ಒಂದೊಂದು ಚಕ್ರಕ್ಕೆ 280 ಕೆಜಿ. ಈಗ ಒಂದು ಜಿ ತೂಕದಲ್ಲಿ, ಅಂದರೆ ಕಾರಿನ ತೂಕದಷ್ಟೇ ಬಲ ಅಡ್ಡಕ್ಕೆ ಎಳೆಯುವಷ್ಟು ಜೋರಾಗಿ, ತಿರುಗುತ್ತಿದ್ದೀರಿ. ಕಾರು ಹೊರಕ್ಕೆ ವಾಲುತ್ತದೆ, ಒಳಗಿನ ಚಕ್ರಗಳ ಭಾರ ಹೊರಗಿನವಕ್ಕೆ ಹೋಗುತ್ತದೆ. ಕಾರಿನ ಅಗಲ ಎತ್ತರ ಹಾಕಿ ನೋಡಿದರೆ ಹೊರಗಿನ ಮುಂಚಕ್ರದ ಮೇಲೆ ಹೆಚ್ಚುಕಮ್ಮಿ 460 ಕೆಜಿ ಬೀಳುತ್ತದೆ. 280 ಇದ್ದದ್ದು 460 ಆಯಿತು, ಅಷ್ಟೇ ತಾನೇ ಅನ್ನಿಸಬಹುದು.

ಆದರೆ ನಿಜವಾದ ಹೊಡೆತ ಅದಲ್ಲ. ಅದೇ 460 ಕೆಜಿಯಷ್ಟು ಬಲ ಟೈರ್ ನೆಲಕ್ಕೆ ತಾಗುವ ಜಾಗದಲ್ಲಿ ಅಡ್ಡಕ್ಕೂ ಎಳೆಯುತ್ತದೆ. ಆ ಜಾಗ ಹಬ್‌ನಿಂದ ಒಂದು ಟೈರ್‌ನ ಅರ್ಧ ಎತ್ತರದಷ್ಟು ಕೆಳಗಿದೆ. 205/50 15 ಟೈರ್ ಆದರೆ 29 ಸೆಂಟಿಮೀಟರ್. ಅಂದರೆ 29 ಸೆಂಟಿಮೀಟರ್ ಉದ್ದದ ಹಾರೆಗೆ 460 ಕೆಜಿ ನೇತುಹಾಕಿ ಹಬ್ಬನ್ನು ಮೀಟುತ್ತಿದ್ದೀರಿ. ಅದನ್ನು ತಡೆಯಲು ಇರುವುದು ಎರಡು ಸಾಲು ಗುಂಡುಗಳು. ಅವು ಹಿಡಿತ ಕೊಡುವ ಜಾಗಗಳ ನಡುವೆ ಒಂದು 6 ಸೆಂಟಿಮೀಟರ್ ಅಂತರ ಅಂತ ಇಟ್ಟುಕೊಂಡರೆ, ಒಂದೊಂದು ಸಾಲಿನ ಮೇಲೆ 2 ಟನ್ನಿಗೂ ಜಾಸ್ತಿ ಬಲ ಬೀಳುತ್ತದೆ. ಅಂದಾಜಿನ ಲೆಕ್ಕ ಇದು, ಆದರೂ ಗಾತ್ರ ತಿಳಿಯಲು ಸಾಕು. ನಮ್ಮ ಅಂಗೈಯಲ್ಲಿ ಹಿಡಿಸುವ ವಸ್ತುವಿನೊಳಗೆ ಇದು ನಡೆಯುತ್ತಿದೆ!

ಅದಕ್ಕೇ ವೀಲ್ ಸ್ಪೇಸರ್ (ಚಕ್ರವನ್ನು ಹೊರಕ್ಕೆ ಸರಿಸಲು ಹಬ್‌ಗೂ ಚಕ್ರಕ್ಕೂ ನಡುವೆ ಹಾಕುವ ಬಿಲ್ಲೆ) ಹಾಕಿದ್ದರಿಂದ ಬೇರಿಂಗ್ ಹೋಯಿತು ಅನ್ನುವ ಮಾತನ್ನು ನಾನು ಅರ್ಧ ಮಾತ್ರ ಒಪ್ಪುತ್ತೇನೆ. ನೇರ ರಸ್ತೆಯಲ್ಲಿ ಸ್ಪೇಸರ್ ಭಾರ ಹೆಚ್ಚಿಸುವುದು ನಿಜ. ಜೋರಾಗಿ ತಿರುಗುವಾಗ ಮಾತ್ರ ಹಾರೆಯ ಉದ್ದ ಅಂದರೆ ಟೈರಿನ ಅರ್ಧ ಎತ್ತರ, ಸ್ಪೇಸರ್ ಅದನ್ನು ಬದಲಿಸುವುದಿಲ್ಲ. ಬೇರಿಂಗ್ ತಿನ್ನುವುದು ಅಂಟು ಜಾಸ್ತಿ ಇರುವ ಟೈರು.

ಎಷ್ಟು ತಿನ್ನುತ್ತದೆ ಅನ್ನಲು ಒಂದು ಸೂತ್ರ ಇದೆ. ಸ್ವೀಡನ್ನಿನ ಲುಂಡ್‌ಬರ್ಗ್ ಮತ್ತು ಪಾಮ್‌ಗ್ರೆನ್ 1947ರಲ್ಲಿ ಪ್ರಕಟಿಸಿದ ಕೆಲಸದ ಮೇಲೆ ನಿಂತದ್ದು, ಇವತ್ತಿಗೂ ಬೇರಿಂಗ್ ಲೆಕ್ಕಕ್ಕೆ ಅದೇ ಬುನಾದಿ. ಗುಂಡಿನ ಬೇರಿಂಗ್ ಮೇಲೆ ಭಾರ ಎರಡು ಪಟ್ಟಾದರೆ ಆಯಸ್ಸು ಅರ್ಧ ಆಗುವುದಿಲ್ಲ, ಎಂಟರಲ್ಲಿ ಒಂದು ಪಾಲು ಆಗುತ್ತದೆ. ಎರಡರ ಘನ ಎಂಟು, ಹಾಗೆ. ಈಗ ನೀವು ಸಾಧಾರಣ ಟೈರ್ ತೆಗೆದು ಒಳ್ಳೆ ಟ್ರ್ಯಾಕ್ ಟೈರ್ ಹಾಕಿದಿರಿ ಅನ್ನಿ. 0.9 ಜಿ ಇದ್ದ ಹಿಡಿತ 1.1 ಜಿ ಆಯಿತು. ಭಾರ ಹೆಚ್ಚಿದ್ದು ನೂರಕ್ಕೆ 22ರಷ್ಟು, ಆದರೆ ಬೇರಿಂಗ್ ಆಯಸ್ಸು ಹತ್ತಿರ ಹತ್ತಿರ ಅರ್ಧಕ್ಕೆ ಇಳಿಯಿತು. ಕಾರಿನಲ್ಲಿ ಬೇರೆ ಏನನ್ನೂ ಮುಟ್ಟಿಲ್ಲ!

ಈ ಸೂತ್ರದಲ್ಲಿ ಇನ್ನೊಂದು ಸೂಕ್ಷ್ಮ ಇದೆ. ಅದು ಹೇಳುವ ಆಯಸ್ಸು ಅಂದರೆ ನೂರು ಬೇರಿಂಗ್‌ಗಳಲ್ಲಿ ತೊಂಬತ್ತು ತಲುಪುವ ಆಯಸ್ಸು. ಉಳಿದ ಹತ್ತು ಅದಕ್ಕೂ ಮೊದಲೇ ಹೋಗುತ್ತವೆ. ಒಂದೇ ದಿನ ಕೊಂಡ ಎರಡು ಹಬ್‌ಗಳಲ್ಲಿ ಒಂದು ಎರಡು ವರ್ಷ ಬಂದು ಇನ್ನೊಂದು ಆರೇ ತಿಂಗಳಿಗೆ ಪ್ಲೇ ಬಂದರೆ ಅದರಲ್ಲಿ ಮೋಸ ಇರಲೇಬೇಕು ಅಂತಿಲ್ಲ. ಅದಕ್ಕೇ ಹೋದ ಸಲ ಇಷ್ಟು ದಿನ ಬಂತು, ಈ ಸಲವೂ ಬರುತ್ತದೆ ಅಂತ ಕೂರುವ ಹಾಗಿಲ್ಲ.

ಯಾವ ಬದಿ ಮೊದಲು ಹೋಗುತ್ತದೆ ಅನ್ನುವುದು ಟ್ರ್ಯಾಕ್ ಮೇಲಿದೆ. ಲಗೂನಾ ಸೆಕಾದಲ್ಲಿ ಗಡಿಯಾರದ ವಿರುದ್ಧ ದಿಕ್ಕಿಗೆ ಓಡಿಸುತ್ತೇವೆ, ಎಡ ತಿರುವು ಜಾಸ್ತಿ, ಹಾಗಾಗಿ ಬಲಗಡೆ ಹಬ್ ಹೆಚ್ಚು ದುಡಿಯುತ್ತದೆ. ಬೆಂಗಳೂರಿನಿಂದ ಚೆನ್ನೈ ಹತ್ತಿರದ ಇರುಂಗಾಟ್ಟುಕೋಟೈ ಟ್ರ್ಯಾಕ್‌ಗೋ, ಗ್ರೇಟರ್ ನೋಯ್ಡಾದ ಬುದ್ಧ್ ಸರ್ಕ್ಯೂಟ್‌ಗೋ ಹೋಗುವವರದ್ದು ಉಲ್ಟಾ. ಅಲ್ಲಿ ಗಡಿಯಾರದ ದಿಕ್ಕು, ಎಡ ಮುಂಚಕ್ರವನ್ನು ಮೊದಲು ನೋಡಿ. ನನ್ನ ಕಾರಿನಲ್ಲಿ ಲೆಕ್ಕದ ಪ್ರಕಾರ ಬಲಗಡೆಯದು ಮೊದಲು ಹೋಗಬೇಕಿತ್ತು, ಹೋದದ್ದು ಎಡಗಡೆಯದು. ಅದು ಹಳೆಯ ಹಬ್, ಬಲಗಡೆಯದನ್ನು ಹಿಂದಿನ ವರ್ಷ ಬದಲಾಯಿಸಿದ್ದೆ. ಎರಡೂ ಬದಿ ನೋಡಬೇಕು ಅನ್ನುವುದು ಇದಕ್ಕೇ.

ಬಿಸಿ ಮತ್ತು ಗ್ರೀಸ್

ಭಾರ ಒಂದು ಶತ್ರು ಆದರೆ ಬಿಸಿ ಎರಡನೆಯದು. ಬ್ರೇಕ್ ಡಿಸ್ಕ್ ಟ್ರ್ಯಾಕ್‌ನಲ್ಲಿ ಸುಲಭವಾಗಿ 500 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಆ ಡಿಸ್ಕ್ ಕೂತಿರುವುದು ಹಬ್ ಮುಖದ ಮೇಲೇ. ಕಾರು ಓಡುವಾಗ ಗಾಳಿ ಬಡಿದು ಸ್ವಲ್ಪ ತಣಿಯುತ್ತದೆ. ಪಿಟ್‌ಗೆ ಬಂದು ನಿಲ್ಲಿಸಿದ ಕ್ಷಣ ಗಾಳಿ ನಿಂತಿತು, ಡಿಸ್ಕಿನ ಬಿಸಿಯೆಲ್ಲಾ ನಿಧಾನಕ್ಕೆ ಹಬ್ಬಿನೊಳಗೆ ಇಳಿಯುತ್ತದೆ. ಕೊನೆಯ ಲ್ಯಾಪನ್ನು ಬ್ರೇಕ್ ಮುಟ್ಟದೆ ನಿಧಾನಕ್ಕೆ ಓಡಿಸಿ ತಣಿಸಿ ಅಂತ ಹೇಳುವುದು ಪ್ಯಾಡ್ ಉಳಿಸಲು ಮಾತ್ರ ಅಲ್ಲ.

ಗ್ರೀಸ್ ಅಂದರೆ ಎಣ್ಣೆ ಹೀರಿದ ಸ್ಪಂಜ್ ಅಂತ ತಿಳಿಯಿರಿ. ಸೋಪಿನಂಥ ಒಂದು ಗಟ್ಟಿ ಪದಾರ್ಥ, ಅದರ ಎಳೆಗಳ ಮಧ್ಯೆ ಎಣ್ಣೆ. ಗುಂಡು ಮತ್ತು ರೇಸ್ ನಡುವೆ ಪದರವಾಗಿ ನಿಂತು ಲೋಹಕ್ಕೆ ಲೋಹ ತಾಗದಂತೆ ಕಾಯುವುದು ಮುಖ್ಯವಾಗಿ ಆ ಎಣ್ಣೆ. ಬಿಸಿ ಜಾಸ್ತಿಯಾದಂತೆ ಎಣ್ಣೆ ತೆಳುವಾಗುತ್ತದೆ, ಸ್ಪಂಜಿನಿಂದ ಸೋರುತ್ತದೆ, ಸುಟ್ಟು ಕಪ್ಪಾಗುತ್ತದೆ. ಬೇರಿಂಗ್ ತಯಾರಕರು ಬಳಸುವ ಒಂದು ಹೆಬ್ಬೆರಳ ಲೆಕ್ಕ ಇದೆ. 70 ಡಿಗ್ರಿ ದಾಟಿದ ಮೇಲೆ ಪ್ರತಿ 15 ಡಿಗ್ರಿಗೆ ಸಾಧಾರಣ ಗ್ರೀಸಿನ ಆಯಸ್ಸು ಅರ್ಧ ಆಗುತ್ತಾ ಹೋಗುತ್ತದೆ. 115 ಡಿಗ್ರಿಯಲ್ಲಿ ಕೆಲಸ ಮಾಡಿದ ಗ್ರೀಸ್ ಎಂಟನೇ ಒಂದು ಕಾಲ ಮಾತ್ರ ಬರುತ್ತದೆ. ಭಾರದಲ್ಲಿ ಎಂಟು, ಬಿಸಿಯಲ್ಲೂ ಎಂಟು. ಎರಡೂ ಸೇರಿದರೆ ರಸ್ತೆಯಲ್ಲಿ ಲಕ್ಷ ಕಿಲೋಮೀಟರ್ ಬಾಳುವ ವಸ್ತು ಕೆಲವು ಟ್ರ್ಯಾಕ್ ವಾರಾಂತ್ಯಗಳಲ್ಲೇ ಸೋಲುವುದು ಯಾಕೆ ಅಂತ ಗೊತ್ತಾಗುತ್ತದೆ.

ಹಿಡಿಯುವುದು ಹೇಗೆ

ಮೊದಲು ಆ ಪೆಡಲ್ ವಿಷಯ ಮುಗಿಸುತ್ತೇನೆ. ಬೇರಿಂಗ್‌ನಲ್ಲಿ ಪ್ಲೇ ಬಂದಿದ್ದರೆ ಜೋರು ತಿರುವಿನಲ್ಲಿ ಹಬ್ ಓರೆಯಾಗುತ್ತದೆ, ಜೊತೆಗೆ ಡಿಸ್ಕೂ ಓರೆಯಾಗುತ್ತದೆ. ಡಿಸ್ಕ್ ಪ್ಯಾಡ್‌ಗಳನ್ನು ತಳ್ಳುತ್ತದೆ, ಪ್ಯಾಡ್‌ಗಳು ಕ್ಯಾಲಿಪರ್ (ಪ್ಯಾಡ್‌ಗಳನ್ನು ಡಿಸ್ಕಿಗೆ ಒತ್ತುವ ಹಿಡಿ) ಒಳಗಿನ ಪಿಸ್ಟನ್ನನ್ನು ಒಳಕ್ಕೆ ತಳ್ಳುತ್ತವೆ. ಮುಂದಿನ ಸಲ ಬ್ರೇಕ್ ಒತ್ತಿದಾಗ ಮೊದಲ ಅರ್ಧ ಪೆಡಲ್ ಆ ಪಿಸ್ಟನ್ನನ್ನು ಹೊರಕ್ಕೆ ತರಲೇ ಖರ್ಚಾಗುತ್ತದೆ. ಎರಡನೇ ಸಲಕ್ಕೆ ಗಟ್ಟಿ. ಇದನ್ನು ಪ್ಯಾಡ್ ನಾಕ್‌ಬ್ಯಾಕ್ ಅನ್ನುತ್ತಾರೆ. ಆಯಿಲ್ ಕುದ್ದಿದ್ದರೆ ಪೆಡಲ್ ಎಲ್ಲಾ ತಿರುವಿನಲ್ಲೂ ಸ್ಪಂಜಿನಂತೆ ಇರುತ್ತದೆ, ಲ್ಯಾಪ್ ಕಳೆದಂತೆ ಇನ್ನೂ ಕೆಡುತ್ತದೆ. ಒಂದೇ ಜಾತಿಯ ತಿರುವಿನ ನಂತರ ಮಾತ್ರ, ಅದೂ ಒಂದೇ ಒತ್ತಿಗೆ ಸರಿಯಾಗುವಂತಿದ್ದರೆ, ಹಬ್ ನೋಡಿ. ಗಟ್ಟಿ ಹಬ್ ಇದ್ದರೂ ಅತಿ ಜೋರು ಓಡಿಸುವವರಿಗೆ ಸ್ವಲ್ಪ ನಾಕ್‌ಬ್ಯಾಕ್ ಇರುತ್ತದೆ, ಅವರು ಬ್ರೇಕ್ ಜಾಗಕ್ಕೆ ಮೊದಲೇ ಎಡಗಾಲಿನಲ್ಲಿ ಪೆಡಲ್ ಒಮ್ಮೆ ಮುಟ್ಟಿಕೊಳ್ಳುತ್ತಾರೆ. ನಿನ್ನೆ ಇಲ್ಲದ್ದು ಇವತ್ತು ಶುರುವಾದರೆ ಅದು ಅಭ್ಯಾಸದಿಂದ ಮುಚ್ಚುವ ವಿಷಯ ಅಲ್ಲ.

ಎತ್ತಿ ನೋಡುವುದು. ಜಾಕ್ ಹಾಕಿ, ಸ್ಟ್ಯಾಂಡ್ ಕೊಟ್ಟು, ಚಕ್ರವನ್ನು ಗಡಿಯಾರದ 12 ಮತ್ತು 6 ಇರುವ ಜಾಗದಲ್ಲಿ ಹಿಡಿದು ಒಳಕ್ಕೆ ಹೊರಕ್ಕೆ ಅಲ್ಲಾಡಿಸಿ. ಟಕ್ ಸಿಕ್ಕರೆ ಒಬ್ಬರಿಗೆ ಬ್ರೇಕ್ ಒತ್ತಿ ಹಿಡಿಯಲು ಹೇಳಿ ಮತ್ತೆ ಅಲ್ಲಾಡಿಸಿ. ಬ್ರೇಕ್ ಒತ್ತಿದಾಗ ಪ್ಲೇ ಮಾಯವಾದರೆ ಬೇರಿಂಗ್. ಒತ್ತಿದರೂ ಹಾಗೇ ಇದ್ದರೆ ಬಾಲ್ ಜಾಯಿಂಟ್ ಅಥವಾ ಸಸ್ಪೆನ್ಶನ್ ಬುಷ್. 3 ಮತ್ತು 9ರಲ್ಲಿ ಮಾತ್ರ ಅಲುಗಾಡಿದರೆ ಸ್ಟೀರಿಂಗ್‌ನ ಟೈ ರಾಡ್ ಕಡೆ ನೋಡಿ.

ಇನ್ನು ಬೆರಳಿನ ಪರೀಕ್ಷೆ, ನನಗೆ ತುಂಬಾ ನಂಬಿಕೆ ಇರುವುದು ಇದರ ಮೇಲೆ. ಒಂದು ಕೈಯಿಂದ ಚಕ್ರ ತಿರುಗಿಸಿ, ಇನ್ನೊಂದು ಕೈಯ ಬೆರಳ ತುದಿಯನ್ನು ಸಸ್ಪೆನ್ಶನ್ ಸ್ಪ್ರಿಂಗ್ ಮೇಲೆ ಹಗುರವಾಗಿ ಇಡಿ. ಸ್ಪ್ರಿಂಗ್ ಸಣ್ಣ ನಡುಕವನ್ನೂ ಬೆರಳಿಗೆ ತಲುಪಿಸುತ್ತದೆ. ಒಳ್ಳೆ ಬೇರಿಂಗ್ ಆದರೆ ಏನೂ ಗೊತ್ತಾಗುವುದಿಲ್ಲ. ಸವೆದದ್ದಾದರೆ ಮರಳಿನ ಮೇಲೆ ಏನೋ ಉರುಳಿದಂತೆ ಗರಗರ ಸಿಗುತ್ತದೆ, ಕಿವಿಗೆ ಇನ್ನೂ ಏನೂ ಕೇಳಿಸದೇ ಇರುವಾಗಲೇ.

ಕೈ ಅಂದಾಜಿಗೂ ಮೀರಿ ಖಚಿತ ಬೇಕಾದರೆ ಡಯಲ್ ಗೇಜ್, ಅಂದರೆ ಕೂದಲೆಳೆಯ ಅಲುಗಾಟವನ್ನೂ ಮುಳ್ಳಿನಲ್ಲಿ ತೋರಿಸುವ ಅಳತೆ ಸಾಧನ. ಚಕ್ರ, ಕ್ಯಾಲಿಪರ್, ಡಿಸ್ಕ್ ತೆಗೆದು ಗೇಜಿನ ಮೊನೆಯನ್ನು ಹಬ್ ಮುಖಕ್ಕೆ ತಾಗಿಸಿ, ಹಬ್ಬನ್ನು ನೇರ ಒಳಕ್ಕೆ ತಳ್ಳಿ ಹೊರಕ್ಕೆ ಎಳೆಯಿರಿ. ಮಿಯಾಟಾಗೆ ಮಜ್ದಾ ಕೊಡುವ ಮಿತಿ 0.05 ಮಿಲಿಮೀಟರ್, ಹೆಚ್ಚುಕಮ್ಮಿ ಒಂದು ತಲೆಗೂದಲಿನ ದಪ್ಪ. ಅಷ್ಟೇ ಇರುವುದು ನಮ್ಮ ಪಾಲಿಗೆ. ಕೈಗೆ ಸ್ಪಷ್ಟವಾಗಿ ಟಕ್ ಅಂತ ಸಿಗುವ ಹೊತ್ತಿಗೆ ಆ ಮಿತಿ ದಾಟಿರುತ್ತದೆ.

ಸದ್ದು ಕೊನೆಗೆ ಬರುತ್ತದೆ ಅಂದೆ, ಆದರೂ ಬಂದಾಗ ಯಾವ ಬದಿ ಅಂತ ತಿಳಿಯುವುದು ಸುಲಭ. ಎಡಕ್ಕೆ ತಿರುಗಿಸಿದಾಗ ಗುಂಯ್ ಜೋರಾದರೆ ಬಲಗಡೆ ಬೇರಿಂಗ್, ಬಲಕ್ಕೆ ತಿರುಗಿಸಿದಾಗ ಆದರೆ ಎಡಗಡೆ. ಸ್ಟೀರಿಂಗ್ ತಿರುಗಿಸಿದರೂ ಸದ್ದು ಬದಲಾಗದೆ, ರಸ್ತೆ ಬದಲಾದಾಗ ಮಾತ್ರ ಬದಲಾದರೆ ಹೆಚ್ಚಾಗಿ ಅದು ಟೈರಿನದ್ದು.

ಬಿಚ್ಚಿ, ತೊಳೆದು, ಗ್ರೀಸ್ ತುಂಬುವುದು

ಮಿಯಾಟಾ ಮುಂದಿನ ಹಬ್ಬನ್ನು ಕಂಪನಿ ಬಿಚ್ಚಲು ಮಾಡಿದ್ದಲ್ಲ, ಹೋದರೆ ಇಡೀ ಹಬ್ ಬದಲಾಯಿಸಿ ಅನ್ನುತ್ತದೆ. ಆದರೂ ಟ್ರ್ಯಾಕ್ ಓಡಿಸುವ ಬಹಳ ಜನ ಹೊಸ ಹಬ್ಬನ್ನೇ ತಂದು, ಬಿಚ್ಚಿ, ಕಂಪನಿ ಗ್ರೀಸ್ ತೊಳೆದು, ಹೆಚ್ಚು ಬಿಸಿ ತಡೆಯುವ ಗ್ರೀಸ್ ತುಂಬುತ್ತಾರೆ. ನಾನೂ ಹಾಗೇ ಮಾಡುತ್ತೇನೆ.

ಚಕ್ರ ತೆಗೆದು, ಕ್ಯಾಲಿಪರ್ ಬಿಚ್ಚಿ ಅದನ್ನು ತಂತಿಯಿಂದ ಸ್ಪ್ರಿಂಗ್‌ಗೆ ಕಟ್ಟಿ. ಬ್ರೇಕ್ ಪೈಪ್‌ನಿಂದ ನೇತಾಡಲು ಬಿಡಬೇಡಿ. ಡಿಸ್ಕ್ ತೆಗೆದರೆ ನಡುವೆ ಸಣ್ಣ ತಗಡಿನ ಟೋಪಿ ಕಾಣುತ್ತದೆ. ಅದರ ಕೆಳಗೆ ನಟ್, 29 ಮಿಲಿಮೀಟರ್ ಸಾಕೆಟ್ ಬೇಕು. ನಟ್ಟಿನ ಅಂಚನ್ನು ಸ್ಪಿಂಡಲ್‌ನ ತೋಡಿನೊಳಗೆ ಬಡಿದು ಬಗ್ಗಿಸಿರುತ್ತಾರೆ, ತಾನಾಗಿ ಬಿಚ್ಚಬಾರದು ಅಂತ. ಆ ಬಗ್ಗಿದ ಭಾಗವನ್ನು ಸಣ್ಣ ಉಳಿಯಿಂದ ಎತ್ತಿ ಆಮೇಲೆ ಬಿಚ್ಚಿ. ಇಲ್ಲದಿದ್ದರೆ ಮರೆ ಕಿತ್ತು ಬರುತ್ತದೆ. ನಟ್ ಬಂದರೆ ಹಬ್ ಹೊರಕ್ಕೆ ಜಾರುತ್ತದೆ, ಆದರೆ ಒಳಗಡೆಯ ರೇಸ್ ತುಂಡು ಎಷ್ಟೋ ಸಲ ಸ್ಪಿಂಡಲ್ ಮೇಲೇ ಅಂಟಿಕೊಂಡು ಉಳಿಯುತ್ತದೆ. ಅದನ್ನು ಪುಲ್ಲರ್ ಹಾಕಿ ತೆಗೆಯಿರಿ.

ಆ ಎಡಗಡೆ ಹಬ್ಬನ್ನು ನಾನು ಬಿಚ್ಚಿದ್ದು ಭಾನುವಾರ ರಾತ್ರಿ, ಗ್ಯಾರೇಜಿನಲ್ಲಿ ಹಳೆ ಪತ್ರಿಕೆ ಹಾಸಿಕೊಂಡು. ಸೀಲ್ ಎತ್ತಿದ ಕೂಡಲೇ ಸುಟ್ಟ ಎಣ್ಣೆಯ ವಾಸನೆ. ಗ್ರೀಸ್ ಕಾಡಿಗೆಯಂತೆ ಕಪ್ಪಾಗಿತ್ತು, ಹೊರಗಿನ ಸಾಲಿನ ಹತ್ತಿರ ಒಣಗಿ ಗಟ್ಟಿಯಾಗಿತ್ತು. ಬೆರಳಿನಿಂದ ಒಂದು ಚೂರು ತೆಗೆದು ಟಾರ್ಚ್ ಬೆಳಕಿಗೆ ಹಿಡಿದರೆ ಒಳಗೆ ಮಿಣಮಿಣ ಮಿನುಗುತ್ತಿತ್ತು. ಅದು ಉಕ್ಕಿನ ಪುಡಿ. ತೊಳೆದ ಮೇಲೆ ರೇಸ್ ನೋಡಿದೆ. ಮುಕ್ಕಾಲು ಸುತ್ತು ಕನ್ನಡಿಯಂತೆ ಹೊಳೆಯುತ್ತಿತ್ತು, ಒಂದು ಕಡೆ ಮಾತ್ರ ಅಕ್ಕಿ ಕಾಳಿನಷ್ಟು ಜಾಗದಲ್ಲಿ ಮೇಲ್ಪದರ ಎದ್ದು ಹೋಗಿತ್ತು. ಉಗುರು ಆಡಿಸಿದರೆ ಅಲ್ಲಿ ಸಿಕ್ಕಿಕೊಳ್ಳುತ್ತಿತ್ತು. ಗುಂಡುಗಳು ಅದರ ಮೇಲೆ ಹಾದಾಗಲೆಲ್ಲ ಆ ಗಾಯ ದೊಡ್ಡದಾಗುತ್ತಾ ಹೋಗುತ್ತದೆ.

ರೇಸ್ ನೋಡಲು ಕಲಿತರೆ ಬೇರಿಂಗ್ ಯಾಕೆ ಹೋಯಿತು ಅಂತ ಅದೇ ಹೇಳುತ್ತದೆ. ಮೇಲ್ಪದರ ಎದ್ದಿದ್ದರೆ ಭಾರದ ದಣಿವು. ಜೇನಿನ ಬಣ್ಣ ಅಥವಾ ನೀಲಿ ಕಲೆ ಇದ್ದರೆ ಬಿಸಿ. ಗುಂಡುಗಳ ಅಂತರದಲ್ಲೇ ಸಾಲಾಗಿ ಸಣ್ಣ ತಗ್ಗುಗಳು ಬಿದ್ದಿದ್ದರೆ ಪೆಟ್ಟು, ಅಂದರೆ ಟ್ರ್ಯಾಕ್ ಅಂಚಿನ ಕರ್ಬ್ ಮೇಲೆ ಜೋರಾಗಿ ಹತ್ತಿಸಿದ್ದು, ಇಲ್ಲಾ ಯಾರೋ ಜೋಡಿಸುವಾಗ ಸುತ್ತಿಗೆ ಬಳಸಿದ್ದು. ತುಕ್ಕಿನ ಕೆಂಪು ಇದ್ದರೆ ನೀರು. ಜೋರು ನೀರಿನ ಪೈಪನ್ನು ಹಬ್‌ನ ಸೀಲ್ ಕಡೆಗೆ ಹಿಡಿದು ಕಾರು ತೊಳೆಯುವ ಅಭ್ಯಾಸ ಇದ್ದರೆ ದಯವಿಟ್ಟು ಬಿಡಿ. ಇಂಥ ಯಾವ ಗುರುತು ಕಂಡರೂ ಆ ಹಬ್‌ಗೆ ಹೊಸ ಗ್ರೀಸ್ ತುಂಬಿ ಮತ್ತೆ ಹಾಕಬೇಡಿ. ಗ್ರೀಸ್ ಗಾಯ ಮಾಯಿಸುವುದಿಲ್ಲ.

ತೊಳೆಯುವಾಗ ಹಳೆ ಗ್ರೀಸ್ ಒಂದು ಚೂರೂ ಉಳಿಯಬಾರದು. ಬೇರೆ ಬೇರೆ ಜಾತಿಯ ಗ್ರೀಸ್‌ಗಳು, ಮುಖ್ಯವಾಗಿ ಪಾಲಿಯೂರಿಯಾ ಮತ್ತು ಲಿಥಿಯಂ, ಎಷ್ಟೋ ಸಲ ಒಂದಕ್ಕೊಂದು ಒಗ್ಗದೆ ನೀರಾಗಿ ಹರಿದುಹೋಗುತ್ತವೆ. ಒಣಗಿಸಲು ಗಾಳಿ ಗನ್ ಹಿಡಿದು ಬೇರಿಂಗನ್ನು ಗಿರ್ರನೆ ತಿರುಗಿಸುವುದು ಬೇಡ. ಎಣ್ಣೆ ಇಲ್ಲದ ಗುಂಡು ರೇಸನ್ನು ಗೀರುತ್ತದೆ, ಕೇಜ್ ಮುರಿದು ಹಾರಿದರೆ ಕಣ್ಣಿಗೆ ಅಪಾಯ. ಗ್ರೀಸ್ ಡಬ್ಬಿಯ ಮೇಲೆ ಜಿಸಿ-ಎಲ್‌ಬಿ ಗುರುತು ನೋಡಿ ಕೊಳ್ಳಿ, ಜಿಸಿ ಅನ್ನುವುದು ವೀಲ್ ಬೇರಿಂಗ್‌ಗೆ ಇರುವ ಮೇಲಿನ ದರ್ಜೆ. ಅದರಲ್ಲೂ ಹೆಚ್ಚು ಬಿಸಿಗೆಂದು ಮಾಡಿದ್ದನ್ನು ಆರಿಸಿ. ಗುಂಡುಗಳ ಸುತ್ತ, ಕೇಜಿನ ಸಂದಿಯಲ್ಲಿ, ಬೆರಳಿನಿಂದ ಒತ್ತಿ ಒತ್ತಿ ತುಂಬಿ. ಮಿಕ್ಕ ಖಾಲಿ ಜಾಗವನ್ನೆಲ್ಲ ತುಂಬಬೇಡಿ, ಅರ್ಧಕ್ಕಿಂತ ಕಡಿಮೆ ಸಾಕು. ಕಿಕ್ಕಿರಿದು ತುಂಬಿದರೆ ಗ್ರೀಸ್ ಕಡೆದು ಕಡೆದು ತಾನೇ ಬಿಸಿಯಾಗುತ್ತದೆ, ಸೀಲ್ ದಾಟಿ ಬ್ರೇಕ್ ಡಿಸ್ಕ್ ಕಡೆಗೆ ಬರುತ್ತದೆ. ಎಡದ ತುಂಡು ಬಲಕ್ಕೆ, ಒಳಗಿನ ರೇಸ್ ಹೊರಕ್ಕೆ ಅದಲು ಬದಲು ಆಗದಂತೆ ಮೊದಲೇ ಗುರುತು ಹಾಕಿಟ್ಟುಕೊಳ್ಳಿ.

ಜೋಡಿಸುವಾಗ ನಟ್ ಯಾವಾಗಲೂ ಹೊಸದು. ಇಂಪ್ಯಾಕ್ಟ್ ಗನ್ ಬಿಚ್ಚಲು ಮಾತ್ರ, ಬಿಗಿಯಲು ಟಾರ್ಕ್ ರೆಂಚ್. ಈ ಕಾರುಗಳಿಗೆ ಸುಮಾರು 170ರಿಂದ 215 ನ್ಯೂಟನ್ ಮೀಟರ್ ಇರುತ್ತದೆ, ನಿಮ್ಮ ವರ್ಷದ ಮ್ಯಾನುವಲ್ ನೋಡಿ ಖಚಿತ ಮಾಡಿಕೊಳ್ಳಿ. ಬಿಗಿಯುತ್ತಾ ಹಬ್ಬನ್ನು ಕೈಯಲ್ಲಿ ತಿರುಗಿಸುತ್ತಿರಿ, ಗುಂಡುಗಳು ಸರಿಯಾದ ಜಾಗದಲ್ಲಿ ಕೂರುತ್ತವೆ. ಆಮೇಲೆ ಅಂಚು ಬಡಿದು ಲಾಕ್ ಮಾಡಿ. ನಟ್ ಲೂಸ್ ಇರುವಾಗ ಕಾರನ್ನು ಚಕ್ರದ ಮೇಲೆ ಇಳಿಸಿ ಅಲುಗಾಡಿಸಬೇಡಿ, ಎರಡು ಅಡಿ ತಳ್ಳುವುದೂ ಬೇಡ. ಪ್ರೀಲೋಡ್ ಇಲ್ಲದ ಬೇರಿಂಗ್ ಮೇಲೆ ಇಡೀ ಭಾರ ಕೆಲವೇ ಗುಂಡುಗಳ ಮೇಲೆ ಬೀಳುತ್ತದೆ.

ಹಿಂದಿನ ಚಕ್ರದ ಕಥೆ ಬೇರೆ. ಅಲ್ಲಿ ಬೇರಿಂಗ್ ಅಪ್‌ರೈಟ್ (ಹಬ್ಬನ್ನು ಹೊತ್ತು ಸಸ್ಪೆನ್ಶನ್‌ಗೆ ಜೋಡಿಸುವ ಲೋಹದ ಭಾಗ) ಒಳಗೆ ಒತ್ತಿ ಕೂರಿಸಿದ್ದು, ತೆಗೆಯಲು ಹೈಡ್ರಾಲಿಕ್ ಪ್ರೆಸ್ ಬೇಕು, ತೆಗೆದರೆ ಹಾಳಾದಂತೆಯೇ ಲೆಕ್ಕ. ಮುಂದಿನವಷ್ಟು ಬೇಗ ಹೋಗುವುದಿಲ್ಲ ಅನ್ನುವುದು ಸಮಾಧಾನ. ಹೊರಗಡೆ ವರ್ಕ್‌ಶಾಪ್‌ನಲ್ಲಿ ಮಾಡಿಸಿದರೆ ಒಂದು ಮಾತು ಹೇಳಿ: ಅಪ್‌ರೈಟ್‌ಗೆ ಕೂರಿಸುವಾಗ ಹೊರಗಿನ ರಿಂಗ್ ಮೇಲೆ ಮಾತ್ರ ಒತ್ತಬೇಕು, ಹಬ್ಬನ್ನು ತೂರಿಸುವಾಗ ಒಳಗಿನ ರಿಂಗಿಗೆ ಕೆಳಗಿನಿಂದ ಆಸರೆ ಇರಬೇಕು. ತಪ್ಪು ರಿಂಗ್ ಮೇಲೆ ಒತ್ತಿದರೆ ಅಷ್ಟೂ ಬಲ ಗುಂಡುಗಳ ಮೂಲಕ ಹಾದು ರೇಸ್‌ನಲ್ಲಿ ತಗ್ಗು ಬೀಳುತ್ತದೆ, ಹೊಸ ಬೇರಿಂಗ್ ಮೊದಲ ದಿನವೇ ಗರಗರ ಅನ್ನುತ್ತದೆ. ನನ್ನ ಹಿಂದಿನ ಎಡ ಬೇರಿಂಗ್ ಒಂದನ್ನು ಹೀಗೇ ಒಂದು ವರ್ಕ್‌ಶಾಪ್‌ನಲ್ಲಿ ಕಳೆದುಕೊಂಡಿದ್ದೇನೆ.

ಬಿಚ್ಚಲಾಗದ ಹಬ್ ಇರುವ ಕಾರುಗಳೂ ಇವೆ. 1997ರಿಂದ 2013ರವರೆಗಿನ ಶೆವ್ರೊಲೆ ಕಾರ್ವೆಟ್ ಸ್ಪೋರ್ಟ್ಸ್ ಕಾರುಗಳಲ್ಲಿ ಹಬ್, ಬೇರಿಂಗ್, ಎಬಿಎಸ್ ಸೆನ್ಸರ್ ಎಲ್ಲಾ ಸೇರಿ ಒಂದೇ ಮುಚ್ಚಿದ ಯೂನಿಟ್. ಅದಕ್ಕೆಂದೇ ಬೇರಿಂಗ್ ಕಂಪನಿ ಎಸ್‌ಕೆಎಫ್ ಎಕ್ಸ್-ಟ್ರ್ಯಾಕರ್ ಅನ್ನುವ ಹಬ್ ಮಾಡುತ್ತದೆ. ಅದರಲ್ಲಿ ಹೊರಗಿನ ಸಾಲಿನ ಸುತ್ತಳತೆ ಒಳಗಿನದಕ್ಕಿಂತ ದೊಡ್ಡದು, ಗುಂಡುಗಳೂ ಜಾಸ್ತಿ. ನಾವು ಮೇಲೆ ಲೆಕ್ಕ ಹಾಕಿದ ಆ ಹಾರೆಯ ಮೀಟುವಿಕೆಗೆ ಸರಿಯಾದ ಉತ್ತರ ಅದು. ಬೆಂಗಳೂರಿನಲ್ಲಿ ಜೆ.ಸಿ. ರೋಡ್ ಕಡೆ ಬೇರಿಂಗ್ ಹುಡುಕುವವರು ಬಿಲ್ ಕೊಡುವ ಅಧಿಕೃತ ಡೀಲರ್ ಬಳಿಯೇ ಕೊಳ್ಳಿ. ದೊಡ್ಡ ಹೆಸರಿನ ಪೆಟ್ಟಿಗೆಯಲ್ಲಿ ನಕಲಿ ಮಾಲು ಬರುವುದು ಜಗತ್ತಿನ ಎಲ್ಲಾ ಕಡೆ ಇರುವ ತೊಂದರೆ, ಮತ್ತು ಟ್ರ್ಯಾಕ್ ಕಾರಿನ ಮುಂದಿನ ಹಬ್ ಅದನ್ನು ಪರೀಕ್ಷೆ ಮಾಡುವ ಜಾಗ ಅಲ್ಲ.

ನನ್ನ ಈಗಿನ ಕ್ರಮ ಹೀಗಿದೆ. ಪ್ರತಿ ಟ್ರ್ಯಾಕ್ ದಿನದ ಹಿಂದಿನ ಸಂಜೆ ನಾಲ್ಕೂ ಚಕ್ರ ಎತ್ತಿ ಅಲ್ಲಾಡಿಸಿ, ಸ್ಪ್ರಿಂಗ್ ಮೇಲೆ ಬೆರಳಿಟ್ಟು ನೋಡುತ್ತೇನೆ, ಹತ್ತು ನಿಮಿಷದ ಕೆಲಸ. ಮಧ್ಯಾಹ್ನ ಊಟಕ್ಕೆ ಮುಂಚೆ ಇನ್ನೊಮ್ಮೆ, ಮುಂದಿನ ಎರಡು ಮಾತ್ರ. ನಾಲ್ಕೈದು ಟ್ರ್ಯಾಕ್ ದಿನಕ್ಕೊಮ್ಮೆ ಮುಂದಿನ ಹಬ್ ಬಿಚ್ಚಿ ಗ್ರೀಸ್ ಬಣ್ಣ ನೋಡುತ್ತೇನೆ, ಆಗಲೇ ವೀಲ್ ಬೋಲ್ಟ್‌ಗಳ ಸುತ್ತ ಹಬ್ ಮುಖದಲ್ಲಿ ಬಿರುಕು ಇದೆಯಾ ಅಂತಲೂ. ಪುಸ್ತಕದಲ್ಲಿ ಪ್ರತಿ ಹಬ್‌ಗೆ ಒಂದು ಪುಟ, ಹಾಕಿದ ದಿನ, ಓಡಿದ ಗಂಟೆ, ಡಯಲ್ ಗೇಜ್ ತೋರಿಸಿದ ಅಂಕಿ. 0.02 ಇದ್ದದ್ದು 0.03 ಆದರೆ ಮುಂದಿನ ಸಲಕ್ಕೆ ಹೊಸದು ತರಿಸುತ್ತೇನೆ, 0.05 ಆಗುವವರೆಗೆ ಕಾಯುವುದಿಲ್ಲ. ಟ್ರ್ಯಾಕ್‌ಗೆ ಹೋಗುವಾಗ ಡಿಕ್ಕಿಯಲ್ಲಿ ಗ್ರೀಸ್ ತುಂಬಿ ಸಿದ್ಧ ಮಾಡಿದ ಒಂದು ಹಬ್, ಎರಡು ಹೊಸ ನಟ್, 29ರ ಸಾಕೆಟ್, ಒಂದು ಸಣ್ಣ ಉಳಿ ಇರುತ್ತವೆ. ಮಿಯಾಟಾದಲ್ಲಿ ಎಡಕ್ಕೂ ಬಲಕ್ಕೂ ಅದೇ ಹಬ್ ಆಗುತ್ತದೆ, ಹಾಗಾಗಿ ಒಂದು ಸಾಕು.